ಊಹೆಯ ದಂಡ ಯಾರಿಗೆ?

ಕಳ್ಳನೆಂಬ ಹೆಸರು ಹೊತ್ತು ನೂರು ವರ್ಷ ಕಳೆದ ಪ್ರಾಣಿಯೊಂದಿದೆ. 1923ರಲ್ಲಿ ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ, ಕೆಂಪು ಮರಳುಗಲ್ಲಿನ ದಿಬ್ಬಗಳ ನಡುವೆ, ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ತಂಡಕ್ಕೆ ಮೊಟ್ಟೆಗಳ ಗೂಡೊಂದು ಸಿಕ್ಕಿತು. ಮೊಟ್ಟೆಗಳಿಂದ ನಾಲ್ಕೇ ಅಂಗುಲ ದೂರದಲ್ಲಿ ಹಲ್ಲಿಲ್ಲದ, ಕೊಕ್ಕಿನಂಥ ಬಾಯಿಯ ಸಣ್ಣ ಡೈನೋಸಾರೊಂದರ ತಲೆಬುರುಡೆಯಿತ್ತು. ಆ ಜಾಗದಲ್ಲಿ ಹೇರಳವಾಗಿ ಸಿಗುತ್ತಿದ್ದದ್ದು ಪ್ರೊಟೊಸೆರಾಟಾಪ್ಸ್ ಎಂಬ ಸಸ್ಯಾಹಾರಿಯ ಎಲುಬುಗಳು. ಹಾಗಾಗಿ ಮೊಟ್ಟೆಗಳೂ ಅದರವೇ ಎಂದುಕೊಂಡರು. ಇನ್ನೊಬ್ಬರ ಗೂಡಿನ ಬಾಗಿಲಲ್ಲಿ ಸತ್ತುಬಿದ್ದಿರುವ ಈ ಕೊಕ್ಕಿನವನಿಗೆ ಅಲ್ಲೇನು ಕೆಲಸ? 1924ರಲ್ಲಿ ಅದೇ ಮ್ಯೂಸಿಯಮ್ಮಿನ ಹೆನ್ರಿ ಫೇರ್‌ಫೀಲ್ಡ್ ಆಸ್ಬಾರ್ನ್ ಲೇಖನವೊಂದರಲ್ಲಿ ಅವನಿಗೆ ಓವಿರಾಪ್ಟರ್ ಎಂದು ಹೆಸರಿಟ್ಟರು. ಮೊಟ್ಟೆಗಳ್ಳ ಎಂದರ್ಥ.

ಆಸ್ಬಾರ್ನ್ ಅವಸರದ ಮನುಷ್ಯರೇನಲ್ಲ. ಈ ಹೆಸರು ಪ್ರಾಣಿಯ ಆಹಾರದ ಬಗ್ಗೆ ನಮ್ಮ ದಾರಿ ತಪ್ಪಿಸಲೂಬಹುದು, ಅದರ ಗುಣಕ್ಕೆ ಅನ್ಯಾಯ ಮಾಡಲೂಬಹುದು ಎಂದು ಅದೇ ಲೇಖನದಲ್ಲಿ ಬರೆದಿದ್ದರು. ಆ ಅನುಮಾನ ಲೇಖನದೊಳಗೇ ಉಳಿಯಿತು. ಹೊರಗೆ ಬಂದು ಮಕ್ಕಳ ಪುಸ್ತಕ ಸೇರಿದ್ದು ಹೆಸರು ಮಾತ್ರ.

ಸುಮಾರು ಎಪ್ಪತ್ತು ವರ್ಷದ ಮೇಲೆ, 1993ರಲ್ಲಿ, ಅದೇ ಮ್ಯೂಸಿಯಮ್ಮಿನ ಮಾರ್ಕ್ ನೊರೆಲ್ ಅವರ ತಂಡಕ್ಕೆ ಗೋಬಿಯ ಉಖಾ ತೋಲ್ಗೋದ್ ಎಂಬಲ್ಲಿ ಅದೇ ಬಗೆಯ ಮೊಟ್ಟೆಯೊಂದು ಸಿಕ್ಕಿತು. ಒಡೆದಿದ್ದ ಚಿಪ್ಪಿನೊಳಗೆ ಭ್ರೂಣದ ಸಣ್ಣ ಎಲುಬುಗಳು ಕಂಡವು. ಅವು ಪ್ರೊಟೊಸೆರಾಟಾಪ್ಸಿನವಲ್ಲ, ಓವಿರಾಪ್ಟರ್ ಕುಟುಂಬದವೇ. ಇನ್ನೂ ದೊಡ್ಡ ಸಾಕ್ಷಿಯೂ ಸಿಕ್ಕಿತು: ಅದೇ ಕುಟುಂಬದ ಪ್ರಾಣಿಯೊಂದು ಗೂಡಿನ ನಡುವೆ ಕಾಲು ಮಡಿಸಿ ಕೂತು, ಮುಂಗೈಗಳನ್ನು ಮೊಟ್ಟೆಗಳ ಸುತ್ತ ಹರಡಿಕೊಂಡು, ಕೂತಂತೆಯೇ ಹೂತುಹೋಗಿತ್ತು. ಇಂದಿನ ಹಕ್ಕಿಗಳು ಕಾವು ಕೊಡಲು ಕೂರುವುದೂ ಹೀಗೆಯೇ. ಹಕ್ಕಿಗಳು ಡೈನೋಸಾರ್ ವಂಶದ ಕುಡಿಗಳೆಂಬ ವಾದಕ್ಕೆ ಎಲುಬು, ಗರಿಗಳ ಜೊತೆ ಈಗ ನಡವಳಿಕೆಯ ಸಾಕ್ಷ್ಯವೂ ಸೇರಿಕೊಂಡಿತು. ಕಳವಿನ ಆರೋಪ ಬಿದ್ದುಹೋಯಿತು, ಹೆಸರು ಬೀಳಲಿಲ್ಲ. ಪ್ರಾಣಿಗಳ ಹೆಸರಿನ ನಿಯಮದಲ್ಲಿ ಮೊದಲು ಇಟ್ಟದ್ದೇ ಖಾಯಂ. ನಿರಪರಾಧಿ ಎಂದು ಸಾಬೀತಾಗುವುದು ಹೆಸರು ಬದಲಿಸಲು ಕಾರಣವೇ ಅಲ್ಲ.

ನಿಜವಾಗಿ ಗೂಡಿಗೆ ಕನ್ನ ಹಾಕುತ್ತಿದ್ದವರೂ ಇದ್ದರೆನ್ನಿ. ಗುಜರಾತಿನ ಧೋಳಿ ಡುಂಗ್ರಿಯಲ್ಲಿ 1980ರ ದಶಕದಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ ಅವರಿಗೆ ಸಿಕ್ಕ ಗೂಡಿನ ಎಲುಬುಗಳೆಲ್ಲ ಡೈನೋಸಾರ್ ಮರಿಯವೆಂದೇ ಮೊದಲು ಭಾವಿಸಲಾಗಿತ್ತು. 2001ರಲ್ಲಿ ಪಳೆಯುಳಿಕೆ ತಜ್ಞ ಜೆಫ್ರಿ ವಿಲ್ಸನ್ ಅದನ್ನು ಮತ್ತೆ ನೋಡಿದಾಗ ಅದರಲ್ಲಿ ಹಾವಿನ ಬೆನ್ನೆಲುಬು ಕಂಡಿತು. ಒಡೆದ ಮೊಟ್ಟೆಯನ್ನು ಸುತ್ತಿಕೊಂಡು ಮಲಗಿದ್ದ ಮೂರೂವರೆ ಮೀಟರ್ ಉದ್ದದ ಹಾವದು. ಎದುರಿಗಿದ್ದ ಕಳ್ಳನನ್ನು ವರ್ಷಾನುಗಟ್ಟಲೆ ಯಾರೂ ಗುರುತಿಸಿರಲಿಲ್ಲ.

ಸತ್ತು ಏಳು ಕೋಟಿ ವರ್ಷವಾದ ಪ್ರಾಣಿಗೆ ಹೆಸರು ಕೆಟ್ಟರೆ ಆಗುವ ನಷ್ಟ ಅಷ್ಟಕ್ಕಷ್ಟೇ. ಆದರೆ ಬದುಕಿರುವವರ ಹೆಜ್ಜೆಗುರುತು ನೋಡಿ ಹೆಸರಿಡುವ ವಿದ್ಯೆ ಈಗ ಸಾಲದ ವ್ಯಾಪಾರಕ್ಕೂ ಬಂದಿದೆ. ಅಮೆರಿಕದಲ್ಲಿ 2006ರಲ್ಲಿ ಶುರುವಾದ ಪ್ರಾಸ್ಪರ್ ಎಂಬ ಜಾಲತಾಣದಲ್ಲಿ ಸಾಲ ಬೇಕಾದವರು ತಮ್ಮ ಕಷ್ಟವನ್ನು ನಾಲ್ಕು ಸಾಲಿನಲ್ಲಿ ಬರೆಯುತ್ತಿದ್ದರು, ಅದನ್ನೋದಿ ಜನಸಾಮಾನ್ಯರೇ ದುಡ್ಡು ಹಾಕುತ್ತಿದ್ದರು. ಅಂಥ ಒಂದು ಲಕ್ಷಕ್ಕೂ ಹೆಚ್ಚು ಅರ್ಜಿಗಳ ಬರಹವನ್ನು ಒಡೆದು ನೋಡಿದ ಸಂಶೋಧನೆ 2019ರಲ್ಲಿ ಪ್ರಕಟವಾಯಿತು. ದೇವರ ಹೆಸರೆತ್ತಿದವರು, ಆಸ್ಪತ್ರೆಯ ಮಾತಾಡಿದವರು, ಖಂಡಿತ ತೀರಿಸುತ್ತೇನೆಂದು ಮಾತು ಕೊಟ್ಟವರು ಸಾಲ ಮುಳುಗಿಸುವ ಸಂಭವ ಹೆಚ್ಚು. ಬಡ್ಡಿದರ, ತೆರಿಗೆ ಕಳೆದು ಉಳಿಯುವ ಆದಾಯ ಎಂದೆಲ್ಲ ಲೆಕ್ಕದ ಭಾಷೆಯಲ್ಲಿ ಬರೆದವರು ತೀರಿಸುವ ಸಂಭವ ಹೆಚ್ಚು ಎಂದು ಅದು ಕಂಡುಕೊಂಡಿತು. ನಮ್ಮ ಕಡೆ ಬಡ್ಡಿಗೆ ಕೊಡುವವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. “ಪಾರ್ಟಿ ಬಹಳ ಆಣೆ ಹಾಕ್ತಾನೆ ಸ್ವಾಮಿ” ಎಂದು ಅವರೂ ತಲೆಯಾಡಿಸಿಯಾರು.

ಜರ್ಮನಿಯಿಂದ ಬಂದ ಇನ್ನೊಂದು ಅಧ್ಯಯನಕ್ಕೆ ಮಾತೂ ಬೇಕಾಗಲಿಲ್ಲ. ಪೀಠೋಪಕರಣ ಮಾರುವ ಆನ್‌ಲೈನ್ ಅಂಗಡಿಯೊಂದರ ಎರಡೂವರೆ ಲಕ್ಷ ಖರೀದಿಗಳನ್ನು ಅದು ಜಾಲಾಡಿತು. ಮೊದಲು ಸಾಮಾನು, ಆಮೇಲೆ ದುಡ್ಡು ಎಂಬ ಲೆಕ್ಕದ ಅಂಗಡಿ. ಐಫೋನಿನವರಿಗಿಂತ ಆಂಡ್ರಾಯ್ಡ್‌ನವರು, ಹಗಲಿನವರಿಗಿಂತ ನಡುರಾತ್ರಿಯಿಂದ ಬೆಳಗಿನ ಆರರೊಳಗೆ ಕೊಂಡವರು, ಹೆಸರು ವಿಳಾಸಗಳನ್ನು ಬರೀ ಸಣ್ಣ ಅಕ್ಷರದಲ್ಲಿ ಕುಟ್ಟಿದವರು ಬಾಕಿ ಉಳಿಸಿಕೊಂಡದ್ದು ಹೆಚ್ಚು. ದೊಡ್ಡಕ್ಷರ ಸಣ್ಣಕ್ಷರದ ಗೊಡವೆಯೇ ಇಲ್ಲದ ಲಿಪಿಯಲ್ಲಿ ಓದು ಕಲಿತ ನಮ್ಮಂಥವರು ಈ ಕೊನೆಯ ಮಾತಿಗೆ ಸ್ವಲ್ಪ ಹೆದರಬೇಕು.

ಬೆಂಗಳೂರಿನ ಹೋಟೆಲೊಂದರ ಅಡುಗೆ ಭಟ್ಟರನ್ನೇ ತೆಗೆದುಕೊಳ್ಳಿ. ಕಾವಲಿ ಉಜ್ಜಿ, ನಾಳೆಗೆ ಅಕ್ಕಿ ಉದ್ದು ರುಬ್ಬಿಟ್ಟು, ಕೈಯೊರೆಸಿಕೊಂಡು ಫೋನ್ ಹಿಡಿಯುವಾಗ ಗಂಟೆ ಹನ್ನೆರಡೂವರೆ. ಮಗಳ ಫೀಸಿಗೆ ಸಾಲ ಬೇಕು. ಫೋನ್ ಆಂಡ್ರಾಯ್ಡ್, ಹೊತ್ತು ನಡುರಾತ್ರಿ, ಹೆಸರು ಸಣ್ಣ ಅಕ್ಷರದಲ್ಲಿ. ಕಾರಣ ಕೇಳಿದ ಕಡೆ “ದೇವರಾಣೆ, ಕಂತು ತಪ್ಪಿಸಲ್ಲ ಸರ್” ಎಂದು ಬರೆದರೆ ಮುಗಿಯಿತು, ಎಲ್ಲ ಗುರುತೂ ಕೂಡಿಬಂತು. ಅವರು ಮಾಡಿದ್ದು ಇಷ್ಟೇ, ರಾತ್ರಿಯವರೆಗೆ ದುಡಿದದ್ದು. ಸಂಶೋಧಕರು ಹೇಳಿದ್ದು ಗುಂಪಿನ ಸಂಭವದ ಮಾತು. ಯಂತ್ರದ ಕೈಗೆ ಸಿಕ್ಕರೆ ಅದು ಭಟ್ಟರೊಬ್ಬರ ಮೇಲಿನ ತೀರ್ಪಾಗುತ್ತದೆ. ಆಸ್ಬಾರ್ನರ ಅನುಮಾನ ಕಳೆದುಹೋದದ್ದೂ ಇಂಥದೇ ದಾರಿಯಲ್ಲಿ.

ಹಾಗೆಂದು ಊಹೆಯನ್ನೇ ಹಳಿದು ಕೂರುವಂತಿಲ್ಲ. ಕಾಣದ್ದನ್ನು ಕಂಡದ್ದರಿಂದ ಊಹಿಸದೆ ಯಾವ ವಿಜ್ಞಾನವೂ ಇಲ್ಲ, ಯಾವ ಸಾಲವೂ ಇಲ್ಲ. ಊರಿನ ಬಡ್ಡಿ ವ್ಯಾಪಾರಿ ಮುಖ ನೋಡಿ ಕೊಡುತ್ತಿದ್ದ ಎಂದು ಹಳೆಯದನ್ನು ಹೊಗಳುವುದೂ ಬೇಡ. ಮುಖದ ಜೊತೆ ಜಾತಿಯನ್ನೂ ನೋಡುತ್ತಿದ್ದ, ಜಮೀನನ್ನೂ ಬರೆಸಿಕೊಳ್ಳುತ್ತಿದ್ದ. ನನ್ನ ತಕರಾರು ಬೇರೆ: ಊಹೆ ತಪ್ಪಿದರೆ ದಂಡ ಕಟ್ಟುವವರು ಯಾರು?

ಭಟ್ಟರ ಅರ್ಜಿಯನ್ನು ಹೊತ್ತೊಯ್ಯುವ ಇಂಟರ್ನೆಟ್ ಜಾಲ ಇದಕ್ಕೊಂದು ಉತ್ತರ ಕೊಟ್ಟುಕೊಂಡಿದೆ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ನಡುವೆ, ಬರೀ 400 ಗಜ ದೂರದಲ್ಲಿ, ಮಾಹಿತಿಯ ಓಟ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ದಾರಿಯಲ್ಲಿ ಸಾಲು ತುಂಬಿ, ಮಾಹಿತಿಯನ್ನು ತುಂಡುತುಂಡಾಗಿ ಒಯ್ಯುವ ಪೊಟ್ಟಣಗಳು ಬಿದ್ದುಹೋಗುತ್ತಿದ್ದವು. ಕಳಿಸಿದ್ದು ತಲುಪಲಿಲ್ಲವೆಂದು ಪ್ರತಿ ಕಂಪ್ಯೂಟರೂ ಮತ್ತೆ ಮತ್ತೆ ಅದನ್ನೇ ನುಗ್ಗಿಸುತ್ತಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಬಿದ್ದ ಎಲ್ಲರೂ ಒಟ್ಟಿಗೆ ಹಾರ್ನ್ ಒತ್ತಿ ಮುಂದೊತ್ತಿದರೆ ಏನಾಗುತ್ತದೋ ಅದೇ ಆಯಿತು. ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ 1988ರ ಪ್ರಬಂಧದಲ್ಲಿ ಮದ್ದು ಬರೆದರು. ಕಳಿಸುವ ಯಂತ್ರಕ್ಕೆ ನಡುದಾರಿ ಕಾಣುವುದಿಲ್ಲ; ಪೊಟ್ಟಣ ಕಳೆದುಹೋಯಿತೆಂಬ ಸುದ್ದಿಯೊಂದೇ ಗೊತ್ತು. ಆ ಒಂದು ಗುರುತಿನಿಂದ ಅದು ‘ದಾರಿ ತುಂಬಿದೆ, ನಾನೇ ಹೆಚ್ಚು ಕಳಿಸಿದೆ’ ಎಂದು ಊಹಿಸಬೇಕು. ಕೂಡಲೇ ತನ್ನ ಪಾಲನ್ನು ಅರ್ಧಕ್ಕೆ ಇಳಿಸಬೇಕು, ಆಮೇಲೆ ಒಂದೊಂದಾಗಿ ಏರಿಸಿ ನೋಡಬೇಕು.

ಈ ಊಹೆಯೂ ತಪ್ಪುತ್ತದೆ. ವೈಫೈ, ಮೊಬೈಲ್ ಸಿಗ್ನಲ್ಲುಗಳಲ್ಲಿ ದಾರಿ ಖಾಲಿಯಿದ್ದರೂ ಪೊಟ್ಟಣ ಗಾಳಿಯಲ್ಲೇ ಕೆಟ್ಟು ಹೋಗಬಹುದು. ಆಗಲೂ ಯಂತ್ರ ತನ್ನದೇ ತಪ್ಪೆಂದುಕೊಂಡು ಸುಮ್ಮನೆ ನಿಧಾನವಾಗುತ್ತದೆ. ಇದರಿಂದ ಪಾರಾಗಲು ನಂತರದವರು ಬೇರೆ ಬೇರೆ ಲೆಕ್ಕಾಚಾರ ಹೂಡಿದ್ದಾರೆ. ಆದರೆ ತಪ್ಪಿದಾಗ ಕಳೆದುಕೊಳ್ಳುವುದು ಊಹಿಸಿದವನ ವೇಗವನ್ನೇ. ಇದನ್ನು ತ್ಯಾಗ ಎಂದೆಲ್ಲ ಕರೆದರೆ ಎಂಜಿನಿಯರುಗಳು ನಕ್ಕಾರು. ಬೇರೆ ದಾರಿ ಇರಲಿಲ್ಲ, ಅಷ್ಟೇ.

ಸಾಲ ಕೊಡುವವರ ಕಡೆ ಲೆಕ್ಕ ತಿರುಗುಮುರುಗು. ಕೊಟ್ಟ ಸಾಲ ಮುಳುಗಿದರೆ ತಪ್ಪು ಗೊತ್ತಾಗುತ್ತದೆ. ಕೊಡದೆ ಕಳಿಸಿದ ಭಟ್ಟರು ತೀರಿಸುತ್ತಿದ್ದರೋ ಇಲ್ಲವೋ, ಅದು ಯಾವ ದಾಖಲೆಗೂ ಬರುವುದಿಲ್ಲ. ಗೋಬಿಯಲ್ಲಿ ಎಪ್ಪತ್ತು ವರ್ಷದ ಮೇಲಾದರೂ ನೋಡಲು ಒಂದು ಮೊಟ್ಟೆಯಿತ್ತು. ಇಲ್ಲಿ ಅದೂ ಉಳಿಯುವುದಿಲ್ಲ. ಯಂತ್ರ ಮುಂದಿನ ಪಾಠ ಕಲಿಯುವುದು ಸಾಲ ಸಿಕ್ಕವರಿಂದ ಮಾತ್ರ. ಈ ಕುರುಡುತನ ಬಲ್ಲ ಕೆಲವರು, ಬೇಡವೆಂದು ಯಂತ್ರ ಹೇಳಿದವರಲ್ಲೂ ಒಂದಿಷ್ಟು ಜನಕ್ಕೆ ಬೇಕೆಂದೇ ಸಾಲ ಕೊಟ್ಟು ಪರೀಕ್ಷಿಸುವುದುಂಟು. ಅದು ದುಬಾರಿ. ಆದರೆ ಊಹಿಸಿದವರೇ ದಂಡ ಕಟ್ಟುವ ಪದ್ಧತಿ ಈ ವ್ಯಾಪಾರದಲ್ಲಿ ನನಗೆ ಕಾಣುವುದು ಅದೊಂದರಲ್ಲೇ.

ಕಾನೂನು ಅಷ್ಟಿಷ್ಟು ಕೈ ಹಾಕಿದೆ. 2022ರ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲಿ ರಿಸರ್ವ್ ಬ್ಯಾಂಕು, ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಫೋಟೊಗಳಿಗೆ ಕೈ ಹಾಕಬಾರದೆಂದಿತು. 2023ರ ಅಕ್ಟೋಬರಿನಲ್ಲಿ ಇನ್ನೊಂದು ಸುತ್ತೋಲೆ ಬಂತು: ಜನರ ಸಾಲದ ಚರಿತ್ರೆ ಬರೆದಿಡುವ ಸಿಬಿಲ್‌ನಂಥ ಕಂಪನಿಗಳ ದಾಖಲೆಯಲ್ಲಿ ತಪ್ಪಿದೆಯೆಂದು ದೂರು ಕೊಟ್ಟರೆ 30 ದಿನದೊಳಗೆ ಬಗೆಹರಿಸಬೇಕು, ಇಲ್ಲದಿದ್ದರೆ ತಡವಾದ ಪ್ರತಿ ದಿನಕ್ಕೂ ದೂರು ಕೊಟ್ಟವರಿಗೆ 100 ರೂಪಾಯಿ ತೆರಬೇಕು. ದಂಡ ಸಣ್ಣದಾದರೂ ದಿಕ್ಕು ಸರಿಯಾಗಿದೆ. ಆದರೆ ಅದು ತಪ್ಪು ಮಾಹಿತಿಗೆ ಮಾತ್ರ. ಭಟ್ಟರು ಹನ್ನೆರಡೂವರೆಗೆ ಅರ್ಜಿ ಹಾಕಿದ್ದು ನಿಜವಾದ ಮಾಹಿತಿ. ಅದರಿಂದ ಹೊರಡಿಸಿದ ತೀರ್ಮಾನದ ಮೇಲೆ ದೂರು ಕೊಡಲು ಆ ಸುತ್ತೋಲೆಯಲ್ಲಿ ಜಾಗವಿಲ್ಲ.