ಕೇಳುವವರ ಪಾಲು

ಪುಣೆಯಲ್ಲಿ ದುಡಿಯುವ ಮಗ ಬೆಳಗ್ಗೆ ಬೀದರ್ ಜಿಲ್ಲೆಯ ಕಮಲನಗರಕ್ಕೆ ಫೋನು ಹಚ್ಚುತ್ತಾನೆ. ‘ಚಾ ಆಯ್ತೇನವ್ವಾ?’ ಎಂಬ ಅವನ ಮಾತು ಇಡಿಯಾಗಿ ಹೊರಡುವುದಿಲ್ಲ. 4ಜಿ ಫೋನು ಅದನ್ನು ಒಂದು ಸೆಕೆಂಡಿಗೆ 50 ತುಣುಕು ಮಾಡುತ್ತದೆ. ಪ್ರತಿ ತುಣುಕಿನಲ್ಲಿ 20 ಮಿಲಿಸೆಕೆಂಡಿನಷ್ಟು ದನಿ, ಅದರ ಮೇಲೊಂದು ಕ್ರಮಸಂಖ್ಯೆ, ಹೊರಟ ಹೊತ್ತಿನ ಗುರುತು. ಇಂಟರ್ನೆಟ್ಟಿನಲ್ಲಿ ಚಿತ್ರ, ಪತ್ರ ಸಾಗುವ ಬಗೆಯಲ್ಲೇ ಮಾತೂ ಸಾಗುತ್ತದೆ. ಒಂದು ವ್ಯತ್ಯಾಸ ಮಾತ್ರ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಉಳಿದಿದೆ. ಪತ್ರದ ತುಣುಕು ದಾರಿಯಲ್ಲಿ ಕಳೆದರೆ ಯಂತ್ರ ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ಮಾತಿನ ತುಣುಕು ತಡವಾದರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಹೊತ್ತು ಮೀರಿ ಬಂದ ಮಾತಿನಿಂದ ಸಂಭಾಷಣೆಗೆ ಉಪಯೋಗವಿಲ್ಲ. ಕಮಲನಗರದ ಫೋನು ಹಿಂದುಮುಂದಾಗಿ ಬಂದ ತುಣುಕುಗಳನ್ನು ಕ್ಷಣಮಾತ್ರ ತಡೆದು, ಸಾಲಾಗಿ ಜೋಡಿಸಿ, ಆಮೇಲೆ ಅವ್ವನ ಕಿವಿಗೆ ಕೊಡುತ್ತದೆ. ಹೀಗೆ ತಡೆಯುವ ತಾಳ್ಮೆ ಪೂರ್ತಿ ಕೇಳುವ ಕಡೆಯದು.

ಅವ್ವ ಸುಮ್ಮನಾದಳು ಅನ್ನಿ. ಆಗಲೂ ಸಂಪರ್ಕ ನಿಲ್ಲುವುದಿಲ್ಲ. ‘ಇಲ್ಲಿದ್ದೇನೆ, ಮಾತಾಡುತ್ತಿಲ್ಲ ಅಷ್ಟೇ’ ಎಂಬಂಥ ಪುಟ್ಟ ಸಂದೇಶವೊಂದು 160 ಮಿಲಿಸೆಕೆಂಡಿಗೊಮ್ಮೆ ಹೋಗುತ್ತಿರುತ್ತದೆ. ಅದನ್ನು ನೋಡಿ ಮಗನ ಫೋನು ತಾನೇ ಸಣ್ಣಗೆ ‘ಸ್ಸ್’ ಎಂಬ ಸದ್ದು ಹುಟ್ಟಿಸುತ್ತದೆ. ಅದೂ ಇಲ್ಲದಿದ್ದರೆ ಲೈನು ಕಟ್ಟಾಯಿತೆಂದು ಅವನು ಗಾಬರಿಯಾಗುತ್ತಿದ್ದ. ಮೌನವನ್ನೂ ತಲುಪಿಸಬೇಕು ಎಂದು ಯೋಚಿಸಿದ ಎಂಜಿನಿಯರುಗಳ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಇನ್ನು ಲೆಕ್ಕ. ಗಂಟೆ ಬಾರಿಸುವಷ್ಟು ಹೊತ್ತು ಹಣದ ಮಾತಿಲ್ಲ. ಆ ಕಡೆಯವರು ಎತ್ತಿದ ಸಂದೇಶ ಬಂದ ಕ್ಷಣದಿಂದ ಯಾರಾದರೊಬ್ಬರು ಇಟ್ಟ ಸಂದೇಶದವರೆಗೆ ಮಾತ್ರ ಎಣಿಕೆ. ಕಂಪನಿಯ ಕಡತದಲ್ಲಿ ಯಾರು, ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು ಎಂಬಿಷ್ಟು ಬರೆದಿರುತ್ತದೆ. ಮಾತಿಗೂ ಮೌನಕ್ಕೂ ಅಲ್ಲಿ ಒಂದೇ ದರ. ಎತ್ತುವವರೆಗೆ ಹಣವಿಲ್ಲ ಎಂಬ ಕಟ್ಟಳೆಯನ್ನು ನಮ್ಮ ಜನ ಯಾರೂ ಹೇಳಿಕೊಡದೆ ಅರ್ಥ ಮಾಡಿಕೊಂಡಿದ್ದರು. ‘ಬಸ್‌ಸ್ಟ್ಯಾಂಡಿಗೆ ಬಂದ್ ಮ್ಯಾಲ ಮಿಸ್ ಕಾಲ್ ಕೊಡು’ ಎಂದರೆ, ಎತ್ತುವ ಮೊದಲೇ ಸುದ್ದಿ ಮುಟ್ಟಿಸು ಎಂದು.

ಕೇಳುವುದಕ್ಕೂ ದುಡ್ಡು ಕೊಡುತ್ತಿದ್ದ ಕಾಲವೊಂದಿತ್ತು. 2003ರ ಮೇ ತಿಂಗಳವರೆಗೆ ಮೊಬೈಲಿಗೆ ಬಂದ ಕರೆಯನ್ನು ಎತ್ತಿದವರೂ ಹಣ ತೆರಬೇಕಿತ್ತು. ಆಮೇಲೆ ಹೊರೆ ಕರೆ ಮಾಡುವವರಿಗೆ ಬಂತು; ಅವರ ಕಂಪನಿ ಕೇಳುವವರ ಕಂಪನಿಗೆ ನಿಮಿಷಕ್ಕಿಷ್ಟು ಪೈಸೆ ಕೊಡತೊಡಗಿತು. ತೊಗರಿ ಚೀಲ ಕಳಿಸಿದವರು ಆ ಊರಿನ ಹಮಾಲರಿಗೆ ಇಳಿಸುವ ಕೂಲಿ ಕೊಟ್ಟಂತೆ. 2009ರಲ್ಲಿ ಆ ಕೂಲಿ 20 ಪೈಸೆ, 2015ರಲ್ಲಿ 14, 2017ರ ಅಕ್ಟೋಬರಿನಿಂದ 6. 2021ರ ಜನವರಿ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಅದನ್ನು ಸೊನ್ನೆ ಮಾಡಿತು. ಡೇಟಾ ಹರಿಯುವ ದಾರಿಯಲ್ಲೇ ಮಾತೂ ಹರಿಯತೊಡಗಿದ ಮೇಲೆ ಅದನ್ನು ಸಾಗಿಸುವ ಖರ್ಚು ಲೆಕ್ಕಕ್ಕೆ ಸಿಗದಷ್ಟು ಇಳಿದಿತ್ತು. ಪರದೇಶದಿಂದ ಬರುವ ಮಾಮೂಲಿ ಕರೆಗೆ ಮಾತ್ರ ಈ ಕೂಲಿ ಉಳಿಯಿತು. ವಾಟ್ಸಾಪ್ ಕರೆ ಬರೀ ಡೇಟಾ ಆಗಿ ಬರುವುದರಿಂದ ಆ ಲೆಕ್ಕಕ್ಕೆ ಸೇರುವುದಿಲ್ಲ.

ಕರೆಯ ದರದಲ್ಲಿ ರಾಜ್ಯದ ಗಡಿಯೂ ಅಳಿಯಿತು. ಕಮಲನಗರದಂಥ ಗಡಿಯೂರಿಗೆ ಈ ಬದಲಾವಣೆ ಎಷ್ಟು ದೊಡ್ಡದೆಂಬುದು ದೂರದವರಿಗೆ ಗೊತ್ತಾಗುವುದು ಕಷ್ಟ. ಉದಗೀರಿಗೆ ಕೊಟ್ಟ ಮಗಳು ಇರುವುದು ಬೀದರಿಗಿಂತ ಹತ್ತಿರ. ಆದರೆ ಮೊಬೈಲಿನ ಪಾಲಿಗೆ ಅದು ಮಹಾರಾಷ್ಟ್ರ ಸರ್ಕಲ್. ಆಗೆಲ್ಲ ಅವಳಿಗೆ ಹಚ್ಚಿದರೆ ಎಸ್‌ಟಿಡಿ ದರ ಬೀಳುತ್ತಿತ್ತು. ಗಡಿಯಾಚೆಯ ಟವರು ಹಿಡಿದರೆ ತನ್ನ ಹೊಲದಲ್ಲಿ ನಿಂತವರಿಗೂ ರೋಮಿಂಗ್ ದರ ಬೀಳುತ್ತಿತ್ತು. ದೇಶದಲ್ಲೆಲ್ಲ ನಿಮಿಷಕ್ಕೆ ಒಂದು ರೂಪಾಯಿ ಎಂಬ ಬಿಎಸ್‌ಎನ್‌ಎಲ್‌ನ ‘ಒನ್ ಇಂಡಿಯಾ’ ಯೋಜನೆ ಬಂದದ್ದು 2006ರಲ್ಲಿ. ಈಗಿನ ರೀಚಾರ್ಜಿನಲ್ಲಿ ಗಡಿಯಾಚೆಯ ಉದಗೀರೂ ಒಂದೇ, ಈಚೆಯ ಔರಾದೂ ಒಂದೇ. ಗಡಿಯ ಎರಡೂ ಕಡೆ ನೆಂಟಸ್ತಿಕೆ ಬೆಳೆಸಿದ ಮನೆಗಳಿಗೆ ಇದು ಬರಬೇಕಾಗಿದ್ದ ನ್ಯಾಯ, ತಡವಾಗಿ ಬಂತು.

ದೇಶದೊಳಗಿನ ಕರೆಯಲ್ಲಿ ಕೇಳುವವರ ಹೆಸರಿನಲ್ಲಿ ಈಗ ಖರ್ಚೂ ಇಲ್ಲ, ಜಮೆಯೂ ಇಲ್ಲ. ಆದರೆ ಕೇಳುವ ಕೆಲಸ ಮೊದಲಿನಷ್ಟೇ ಇದೆ. ಮಗ ಹೇಳಿದ ಸುದ್ದಿಯನ್ನು ಅವ್ವ ದಿನವೆಲ್ಲ ಇಟ್ಟುಕೊಂಡಿರುತ್ತಾಳೆ. ತನ್ನ ಮೊಣಕಾಲು ನೋವನ್ನು ಹೇಳಲೋ ಬೇಡವೋ ಎಂದು ನಡುವೆ ತಡವರಿಸುತ್ತಾಳೆ. ನಿಮಿಷಕ್ಕೆ ದುಡ್ಡಿದ್ದಾಗ ಆ ತಡವರಿಕೆಗೆ ಎಡೆಯಿರಲಿಲ್ಲ, ‘ಬಿಲ್ ಬರ್ತದ, ಇಡ್ತೀನಿ’ ಎಂದು ಅವಳೇ ಮುಗಿಸುತ್ತಿದ್ದಳು. ಈಗ ಎಡೆಯಿದೆ. ಇವತ್ತು ಊರಿಗೆ ಹಚ್ಚಿದಾಗ ಆ ಕಡೆ ಮಾತು ನಿಂತರೆ ‘ಹಲೋ, ಹಲೋ’ ಎನ್ನಲು ಅವಸರ ಮಾಡಬೇಡಿ. ಹೇಳಬೇಕಾದ್ದನ್ನು ಅವರು ಹೇಳಿ ಮುಗಿಸಲಿ, ಫೋನು ಮೊದಲು ಅವರೇ ಇಡಲಿ.