ನೋಟ ಯಾರ ಇಚ್ಛೆ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುತ್ತದೆ ಗಾದೆ. ಹೊಟ್ಟೆಗೆ ಏನು ಬೇಕೋ ಅದನ್ನು ನೀನೇ ಆರಿಸಿಕೋ, ಮೈಮೇಲೆ ಏನಿರಬೇಕು ಎಂಬುದನ್ನು ನೋಡುವವರಿಗೆ ಬಿಡು ಎಂಬುದು ಅದರ ಬುದ್ಧಿಮಾತು. ಇದು ತೆಗೆದುಹಾಕುವ ಮಾತಲ್ಲ. ಸಾವಿನ ಮನೆಗೆ ಜರತಾರಿ ಉಟ್ಟು ಹೋಗುವವರು, ಪೂಜೆಗೆ ಕೂರುವಾಗ ಮಾಸಿದ ಬಟ್ಟೆ ತೊಡುವವರು ಉಳಿದವರ ಮನಸ್ಸನ್ನು ನೋಯಿಸುತ್ತಾರೆ. ಬಟ್ಟೆ ನಾಲ್ಕು ಜನರ ನಡುವಿನ ಬದುಕಿಗೂ ಸೇರಿದ್ದು ಎಂಬ ತಿಳಿವಳಿಕೆ ಈ ಗಾದೆಯಲ್ಲಿದೆ. ಆದರೆ ಲಂಗ ಉಡಬೇಕು, ಬಳೆ ತೊಡಬೇಕು, ಹೂವು ಮುಡಿಯಬೇಕು ಎಂದು ಆಸೆಪಟ್ಟ ಹುಡುಗನ ಮುಂದೆ ಇದೇ ಗಾದೆ ಅಪ್ಪೀಲಿಲ್ಲದ ತೀರ್ಪಾಗಿ ಬಂದು ನಿಲ್ಲುತ್ತದೆ. ಗಾದೆ ಹೇಳುವ ಆ ‘ಪರರು’ ಇಷ್ಟು ಕಾಲ ಏನನ್ನು ನೋಡಿ ಮೆಚ್ಚಿದ್ದಾರೆ ಎಂದು ಕೇಳಿಕೊಂಡರೆ, ಗಾದೆಯನ್ನು ಒಪ್ಪಿಕೊಂಡೇ ಆ ಹುಡುಗನ ಪರ ನಿಲ್ಲಬಹುದು ಎಂಬುದು ನನ್ನ ವಾದ.

ಕಡೂರು ತಾಲ್ಲೂಕಿನ ಹಿರೇನಲ್ಲೂರಿನಂಥ ಬಯಲುಸೀಮೆಯ ಊರುಗಳು ಮೂಡಲಪಾಯ ಯಕ್ಷಗಾನದ ನಾಡಿಗೆ ಸೇರಿದವು. ಆ ಆಟದಲ್ಲಿ ದ್ರೌಪದಿಯಾಗಲಿ ಸುಭದ್ರೆಯಾಗಲಿ ಸೀರೆಯುಟ್ಟು ರಂಗಕ್ಕೆ ಬರುತ್ತಿದ್ದವನು ಹಗಲೆಲ್ಲ ನೇಗಿಲು ಹಿಡಿದ ಗಂಡಸು. ಮೀಸೆ ಬಲಿಯದ, ದನಿ ಒಡೆಯದ ಹುಡುಗರನ್ನು ಹೆಣ್ಣು ಪಾತ್ರಕ್ಕೆಂದೇ ಹುಡುಕಿ ತರುತ್ತಿದ್ದರು. ಕಂಪನಿ ನಾಟಕಗಳ ಮೊದಲ ದಶಕಗಳೂ ಹೀಗೇ ನಡೆದವು. ಕರಾವಳಿಯ ಯಕ್ಷಗಾನದಲ್ಲಿ ಸ್ತ್ರೀವೇಷವೇ ಒಂದು ದೊಡ್ಡ ಕಲೆ. ಕೋಳ್ಯೂರು ರಾಮಚಂದ್ರ ರಾವ್, ಮಂಟಪ ಪ್ರಭಾಕರ ಉಪಾಧ್ಯರ ಹೆಸರನ್ನು ಇಂದಿಗೂ ಗೌರವದಿಂದ ಹೇಳುತ್ತೇವೆ. ರಂಗ ಬಿಟ್ಟು ದೇವರ ಕಡೆ ತಿರುಗಿದರೂ ಇದೇ ಕಾಣುತ್ತದೆ. ಬೆಂಗಳೂರಿನ ಧರ್ಮರಾಯಸ್ವಾಮಿ ಗುಡಿಯಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗವನ್ನು ಹೊರುವ ಅರ್ಚಕ ಗಂಡಸೇ. ಅವನು ಹೆಣ್ಣಿನ ಉಡುಗೆ ಉಟ್ಟು, ಬಳೆ ತೊಟ್ಟು, ಮಲ್ಲಿಗೆ ಮುಡಿದು ಬರುವಾಗ ಲಕ್ಷಾಂತರ ಜನ ಕೈಮುಗಿಯುತ್ತಾರೆ. ಕೊಡಗಿನ ದೇವರಪುರದ ಕುಂಡೆ ಹಬ್ಬದಲ್ಲಿ ಗಂಡಸರು ಹೆಣ್ಣುವೇಷದಲ್ಲಿ ಬೀದಿಬೀದಿ ಕುಣಿಯುತ್ತಾರೆ. ಇಷ್ಟು ದೂರವೂ ಹೋಗಬೇಕಿಲ್ಲ. ಎರಡು ಮೂರು ವರ್ಷದ ಗಂಡುಮಗುವಿಗೆ ಲಂಗ ತೊಡಿಸಿ, ಮೊಗ್ಗಿನ ಜಡೆ ಹೆಣೆದು, ಫೋಟೊ ತೆಗೆಸಿ ಗೋಡೆಗೆ ತೂಗುಹಾಕಿದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಆ ಫೋಟೊ ನೋಡಿ ಯಾವ ಅಜ್ಜಿಯೂ ಮುಖ ಸಿಂಡರಿಸಿದ್ದಿಲ್ಲ.

ಹಾಗಾದರೆ ಹುಡುಗ ಹೆಣ್ಣುಡುಗೆ ತೊಟ್ಟರೆ ಪರರ ಕಣ್ಣು ನೋಯುತ್ತದೆ ಎಂಬ ಮಾತು ನಿಲ್ಲುವುದಿಲ್ಲ. ತಾಯಿ ತೊಡಿಸಿದರೆ ಮುದ್ದು, ಭಾಗವತ ತೊಡಿಸಿದರೆ ಕಲೆ, ದೇವರು ತೊಡಿಸಿದರೆ ಭಕ್ತಿ. ಹುಡುಗ ತಾನೇ ಬಯಸಿ ತೊಟ್ಟರೆ ಮಾತ್ರ ಮನೆತನದ ಮಾನ ಹೋಗುತ್ತದೆ. ಬಟ್ಟೆ ಅದೇ, ಮೈ ಅದೇ. ಬದಲಾದದ್ದು ಯಾರ ಇಚ್ಛೆಯಿಂದ ಎಂಬುದೊಂದೇ. ನಾವು ತಡೆಯುತ್ತಿರುವುದು ಆ ಮಗುವಿನ ಇಚ್ಛೆಯನ್ನು, ಲಂಗವನ್ನಲ್ಲ. ಇದರ ಬುಡದಲ್ಲಿ ಇನ್ನೂ ಕಹಿಯಾದದ್ದೊಂದಿದೆ. ಹೆದರಿದ ಗಂಡಸಿಗೆ ‘ಬಳೆ ತೊಟ್ಕೊಂಡು ಕೂತ್ಕೋ’ ಎನ್ನುತ್ತೇವೆ. ತಪ್ಪು ಮಾಡಿದ ಹುಡುಗನನ್ನು ಹುಡುಗಿಯರ ಸಾಲಿನಲ್ಲಿ ಕೂರಿಸುವುದು ತರಗತಿಗಳ ಹಳೆಯ ಶಿಕ್ಷೆ. ಮಗಳು ಪ್ಯಾಂಟು ತೊಟ್ಟು ಸ್ಕೂಟರ್ ಓಡಿಸಿದರೆ ಗಂಡುಮಗನ ಹಾಗೆ ಬೆಳೆದಳು ಎಂದು ಬೀಗುತ್ತೇವೆ, ಮಗ ಬಳೆ ತೊಟ್ಟರೆ ತಲೆ ತಗ್ಗಿಸುತ್ತೇವೆ. ಒಂದು ಬಟ್ಟೆಯಿಂದ ಮೇಲೇರಿದಂತೆ, ಇನ್ನೊಂದರಿಂದ ಕೆಳಗಿಳಿದಂತೆ ಅನ್ನಿಸುವುದು ಹೆಣ್ಣಾಗಿರುವುದೇ ಕೀಳು ಎಂಬ ಎಣಿಕೆ ಒಳಗೆ ಕೂತಿದ್ದರೆ ಮಾತ್ರ. 2021ರ ಡಿಸೆಂಬರಿನಲ್ಲಿ ಕೇರಳದ ಬಾಲುಶ್ಶೇರಿಯ ಸರ್ಕಾರಿ ಹೈಯರ್ ಸೆಕೆಂಡರಿ ಶಾಲೆ ಹುಡುಗ ಹುಡುಗಿಯರಿಗೆ ಒಂದೇ ಸಮವಸ್ತ್ರ ತಂದಾಗಲೂ, ಹುಡುಗಿಯರು ಪ್ಯಾಂಟು ಶರಟಿಗೆ ಬಂದರು. ಹುಡುಗರು ಎದುರು ದಿಕ್ಕಿಗೆ ಹೆಜ್ಜೆ ಇಡಲಿಲ್ಲ.

ಪರಂಪರೆ ಎಂಬ ಮಾತನ್ನೂ ನೋಡೋಣ. ಹಿರೇನಲ್ಲೂರಿನಲ್ಲಿ ಹೊಯ್ಸಳರ ಕಾಲದ ಮಲ್ಲಿಕಾರ್ಜುನ ಗುಡಿ ಇದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ಅಮೃತೇಶ್ವರ ಗುಡಿ ಇದೆ. ಹೊಯ್ಸಳ ಶಿಲ್ಪಿಗಳು ಕಡೆದ ಗಂಡುದೇವರಿಗೆ, ವೀರನಿಗೆ, ದ್ವಾರಪಾಲಕನಿಗೆ ಹಾರ, ಕುಂಡಲ, ತೋಳಬಂದಿ, ಕೈಬಳೆ, ನಡುಪಟ್ಟಿ ಎಲ್ಲವೂ ಇವೆ. ಕಿವಿಗೆ ಒಂಟಿ, ತಲೆಗೆ ಜುಟ್ಟು ನಮ್ಮ ಮುತ್ತಜ್ಜಂದಿರ ಕಾಲಕ್ಕೂ ಗಂಡಿನ ಲಕ್ಷಣವಾಗಿದ್ದವು. ಕಚ್ಚೆಪಂಚೆಯೂ ಕಚ್ಚೆಸೀರೆಯೂ ಹೊಲಿಗೆಯಿಲ್ಲದ ಒಂದೇ ಬಗೆಯ ಉಡುಗೆ. ಇಂದು ಗಂಡಿನದೆಂದು ಕಾವಲು ಕಾಯುವ ಪ್ಯಾಂಟು ಇಂಗ್ಲಿಷರ ಆಳ್ವಿಕೆಯಲ್ಲಿ ಬಂದದ್ದು. ಹೆಣ್ಣಿನ ಮರ್ಯಾದೆಯ ಉಡುಪಾಗಿರುವ ಚೂಡಿದಾರ ಉತ್ತರದಿಂದ ಬಂದು ನಮ್ಮ ಪ್ರೌಢಶಾಲೆಗಳ ಸಮವಸ್ತ್ರವಾಯಿತು. ಪರರ ಕಣ್ಣು ಇಷ್ಟು ಸಲ ಹೊಸದಕ್ಕೆ ಪಳಗಿದೆ. ಇನ್ನೊಂದು ಸಲ ಪಳಗಲಾರದು ಎನ್ನಲು ಆಧಾರವಿಲ್ಲ.

ನಾಟಕದಲ್ಲಿ ವೇಷ, ಬದುಕಿನಲ್ಲಿ ಹಾಗಲ್ಲ ಎನ್ನುವವರಿದ್ದಾರೆ. ಅವರ ಭಯವನ್ನು ಬಿಡಿಸಿ ಹೇಳಿದರೆ, ಹೆಣ್ಣುಡುಗೆ ತೊಟ್ಟ ಹುಡುಗ ಹೆಣ್ಣೇ ಆಗಿಬಿಟ್ಟಾನು ಎಂಬುದು. ಆದರೆ ವರ್ಷಗಟ್ಟಲೆ ಸ್ತ್ರೀವೇಷ ಕಟ್ಟಿದ ಕಲಾವಿದರು ಬೆಳಗಾದರೆ ಬಣ್ಣ ತೊಳೆದು ಸಂಸಾರಕ್ಕೆ ಮರಳಿದ್ದಾರೆ. ಒಳಗಿನಿಂದಲೇ ತಾನು ಹೆಣ್ಣೆಂದು ತಿಳಿದ ಮಗುವನ್ನು ಚಡ್ಡಿ ತೊಡಿಸಿ ಗಂಡಾಗಿಸಲೂ ಆಗಿಲ್ಲ. ಬಾಲ್ಯದಲ್ಲಿ ಮಂಜುನಾಥನೆಂದು ಕರೆಸಿಕೊಂಡ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಮನೆಯಿಂದ ದೂರವಾದದ್ದನ್ನು, ಭಿಕ್ಷೆ ಬೇಡಿದ್ದನ್ನು, ಸಾಯಲು ಹೊರಟದ್ದನ್ನು ತಾವೇ ಹೇಳಿಕೊಂಡಿದ್ದಾರೆ. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಅವರನ್ನು ಸಾವಿನ ಅಂಚಿಗೆ ದೂಡಿದ್ದು ಸೀರೆಯಲ್ಲ, ಸೀರೆ ಕಂಡು ಬಾಗಿಲು ಮುಚ್ಚಿದವರು.

ಇನ್ನೊಂದು ಆಕ್ಷೇಪ ಹೆತ್ತವರದು, ಅದನ್ನು ಹಗುರವಾಗಿ ಕಾಣಲಾರೆ. ಊರು ಆಡಿಕೊಳ್ಳುತ್ತದೆ, ಶಾಲೆಯಲ್ಲಿ ಮಕ್ಕಳು ಗೇಲಿ ಮಾಡುತ್ತಾರೆ, ನಮ್ಮ ಮಗ ನೋಯಬಾರದು ಎನ್ನುತ್ತಾರೆ ಅವರು. ಈ ಕಾಳಜಿ ನಿಜವಾದದ್ದು. ಆದರೆ ಕೀಟಲೆ ಮಾಡುವವನನ್ನು ಬಿಟ್ಟು ಕೀಟಲೆಗೆ ಸಿಕ್ಕವನನ್ನು ತಿದ್ದುವ ಪದ್ಧತಿಯನ್ನು ಜಾತಿಯ ವಿಷಯದಲ್ಲಿ, ಬಣ್ಣದ ವಿಷಯದಲ್ಲಿ ನಾವು ತಪ್ಪೆಂದು ಒಪ್ಪಿದ್ದೇವೆ. ಇಲ್ಲಿಯೂ ತಿದ್ದಬೇಕಾದದ್ದು ಗೇಲಿಯನ್ನೇ. ಅಲ್ಲಿಯವರೆಗೆ ಮನೆಯೊಳಗೆ, ಹಬ್ಬದ ದಿನ, ಬಂಧುಗಳ ನಡುವೆ ಆ ಮಗು ಅಂಜದೆ ಉಡುವಷ್ಟು ಜಾಗವನ್ನಾದರೂ ಹೆತ್ತವರು ಕೊಡಬಹುದು. ಸಮವಸ್ತ್ರವಿರುವ ಶಾಲೆಯಲ್ಲಿ ಸಮವಸ್ತ್ರ ಇರಲಿ. ಅದರೊಳಗೆ ಪ್ಯಾಂಟು, ಲಂಗ, ಚೂಡಿದಾರ ಯಾವುದನ್ನಾದರೂ ಯಾವ ಮಗುವಾದರೂ ಆರಿಸಿಕೊಳ್ಳುವಂತಿರಲಿ. ಹುಡುಗರೆಲ್ಲ ಲಂಗ ತೊಡಲಿ ಎಂಬ ಒತ್ತಾಯವೂ ಅಷ್ಟೇ ತಪ್ಪು.

ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಮೊಕದ್ದಮೆಯಲ್ಲಿ 2014ರ ಏಪ್ರಿಲ್ 15ರಂದು ಕೊಟ್ಟ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ತನ್ನ ಲಿಂಗತ್ವವನ್ನು ಉಡುಗೆಯ ಮೂಲಕ ತೋರಿಸಿಕೊಳ್ಳುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದಿತು. ಲಿಂಗತ್ವ ಅಲ್ಪಸಂಖ್ಯಾತರಿಗೆ ಅದು ದೊಡ್ಡ ಆಸರೆ. ಆದರೆ ಹಿರೇನಲ್ಲೂರಿನ ಒಬ್ಬ ಹುಡುಗನಿಗೆ ಅಕ್ಕನ ಲಂಗದ ಅಂಚು ಇಷ್ಟವಾಯಿತು ಎಂದಿಟ್ಟುಕೊಳ್ಳಿ. ಅವನು ನಾಳೆ ಏನಾಗುತ್ತಾನೋ, ಯಾರನ್ನು ಪ್ರೀತಿಸುತ್ತಾನೋ ಅವನಿಗೇ ಗೊತ್ತಿರಲಾರದು, ಗೊತ್ತಿರಬೇಕಾಗಿಯೂ ಇಲ್ಲ. ಆ ಲಂಗ ಉಡಲು ಅವನು ತನ್ನನ್ನು ಯಾವ ಹೆಸರಿನಿಂದಲೂ ಗುರುತಿಸಿಕೊಳ್ಳಬೇಕಾದ ಅಗತ್ಯವಿಲ್ಲ, ಯಾರ ಮುಂದೆಯೂ ಕಾರಣ ಕೊಡಬೇಕಾಗಿಲ್ಲ. ಇಷ್ಟವಾಯಿತು ಎಂಬ ಅಷ್ಟೇ ಕಾರಣಕ್ಕೆ ಅವನ ಅಕ್ಕ ಅವನ ಪ್ಯಾಂಟನ್ನು ತೊಡುತ್ತಾಳಲ್ಲ.