ತೈಲವನ್ನುಣ್ಣುವ ಜೀವಿಗಳು ಮತ್ತು ಅಹಿಂಸೆ

1989ರ ಮಾರ್ಚ್ 24ರಂದು ಅಮೆರಿಕದ ಅಲಾಸ್ಕ ಪ್ರಾಂತದಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ತೈಲವಾಹಕ ಹಡಗು ಬಂಡೆಗೆ ತಾಗಿ ಒಡೆದು, ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲವು ಕಡಲನ್ನು ಸೇರಿತು. ಹಕ್ಕಿಗಳೂ ಕಡಲ ನೀರುನಾಯಿಗಳೂ ಸಹಸ್ರಗಟ್ಟಲೆ ಸತ್ತವು. ಅನಂತರ ತೀರವನ್ನು ಶುದ್ಧಿಗೊಳಿಸಿದ ಬಗೆಯೂ ಅಹಿಂಸೆಯ ದೃಷ್ಟಿಯಿಂದ ವಿಚಾರಾರ್ಹವಾದುದು.

ಅನೇಕ ಕಡೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದ ನೀರನ್ನು ರಭಸದಿಂದ ಬಂಡೆಗಳ ಮೇಲೆ ಹಾಯಿಸಲಾಯಿತು. ತೈಲ ಹೋಯಿತು, ಅದರ ವಿಷವನ್ನು ತಡೆದು ಉಳಿದಿದ್ದ ಚಿಪ್ಪಿನ ಜೀವಿಗಳೂ ಪಾಚಿಯೂ ಬೆಂದುಹೋದವು. ತೊಳೆಯದೆ ಬಿಟ್ಟ ತೀರಗಳಿಗಿಂತ ಹೀಗೆ ತೊಳೆದ ತೀರಗಳಲ್ಲಿ ಜೀವಸಂಕುಲ ಚೇತರಿಸಿಕೊಳ್ಳುವುದು ತಡವಾಯಿತೆಂದು ಮುಂದಿನ ಅಧ್ಯಯನಗಳು ತಿಳಿಸಿದವು. ಆ ಶುದ್ಧಿಯು ನೋಡುವವರ ಕಣ್ಣಿಗಾಗಿ ನಡೆದಿತ್ತೇ ಹೊರತು ಅಲ್ಲಿ ಬಾಳುವ ಪ್ರಾಣಿಗಳಿಗಾಗಿ ಅಲ್ಲ ಎನ್ನಬೇಕಾಗುತ್ತದೆ.

ಇನ್ನೊಂದು ಮಾರ್ಗ ಸೌಮ್ಯವಾದುದು. ತೈಲವನ್ನೇ ಆಹಾರವಾಗಿಸಿಕೊಳ್ಳುವ ಬ್ಯಾಕ್ಟೀರಿಯಗಳು ಆ ಕಡಲಲ್ಲಿ ಮೊದಲಿನಿಂದಲೂ ಇದ್ದವು. ತೈಲದಲ್ಲಿ ಇಂಗಾಲ ಹೇರಳ. ಸಾರಜನಕ, ರಂಜಕಗಳು ಅತ್ಯಲ್ಪ. ಆ ಕೊರತೆಯನ್ನು ತುಂಬುವ ಗೊಬ್ಬರವನ್ನು ತೀರಕ್ಕೆ ಎರಚಿದಾಗ ಅವು ವೃದ್ಧಿಹೊಂದಿ ತೈಲವನ್ನು ಬೇಗ ಕರಗಿಸಿದವು. (ಭಾರತ ಸಂಜಾತ ವಿಜ್ಞಾನಿ ಆನಂದ ಚಕ್ರವರ್ತಿಯವರು ರೂಪಿಸಿದ ತೈಲಭಕ್ಷಕ ಬ್ಯಾಕ್ಟೀರಿಯಕ್ಕೆ ಪೇಟೆಂಟ್ ಸಲ್ಲುವುದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1980ರಲ್ಲಿ ತೀರ್ಪಿತ್ತದ್ದು ಪ್ರಸಿದ್ಧ, ಜೀವಿಯ ಮೇಲೆ ಒಡೆತನ ಸಲ್ಲುವುದೇ ಎಂಬುದು ಬೇರೆಯೇ ಚರ್ಚೆ. ಅಲಾಸ್ಕದಲ್ಲಿ ಮುಖ್ಯವಾಗಿ ನೆಚ್ಚಿದ್ದು ಅಲ್ಲಿಯವೇ ಆದ ಜೀವಿಗಳನ್ನು.)

ಆಕ್ಷೇಪ ಇಲ್ಲದಿಲ್ಲ. ತೈಲ ಮುಗಿದೊಡನೆ, ಹೀಗೆ ಬೆಳೆಸಿದ ಅಸಂಖ್ಯ ಸೂಕ್ಷ್ಮಜೀವಿಗಳು ಆಹಾರವಿಲ್ಲದೆ ಅಳಿಯುತ್ತವೆ. ಈ ಮರಣದ ಹೊಣೆ ಗೊಬ್ಬರ ಎರಚಿದವನದಲ್ಲವೇ? ಸೂಕ್ಷ್ಮವೆಂಬ ಕಾರಣಕ್ಕೆ ಜೀವವನ್ನು ಲೆಕ್ಕದಿಂದ ಬಿಡುವುದು ಜೈನ ದೃಷ್ಟಿಗೆ ಒಪ್ಪದು. ಆದರೆ ಪ್ರಾಣಹಾನಿಯೊಂದೇ ಹಿಂಸೆಯ ಲಕ್ಷಣವಲ್ಲ. ಪ್ರಮಾದದಿಂದಾದ ಪ್ರಾಣಹಾನಿ ಹಿಂಸೆಯೆಂದು ತತ್ತ್ವಾರ್ಥಸೂತ್ರದ ನಿರ್ಣಯ. ಆ ಜೀವಿಗಳು ತಮ್ಮ ಸ್ವಭಾವದಂತೆ ಉಂಡು, ಬೆಳೆದು, ಅಳಿದವು. ಅವುಗಳನ್ನು ಕೊಲ್ಲುವ ಸಂಕಲ್ಪವಾಗಲಿ, ಅವುಗಳ ಬಗೆಗೆ ಉಪೇಕ್ಷೆಯಾಗಲಿ ಅಲ್ಲಿ ಮೂಲವಲ್ಲ. ಬಿಸಿನೀರಿನ ಕಾರ್ಯದಲ್ಲಿಯೂ ಕೊಲ್ಲುವ ಸಂಕಲ್ಪವಿರಲಿಲ್ಲ, ನಿಜ. ಆದರೆ ಎದುರಿಗೇ ಇದ್ದ ಜೀವಿಗಳ ಪರಿವೆಯೂ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಾಗೆಂದು ಸೂಕ್ಷ್ಮಜೀವಿಗಳನ್ನು ಮನುಷ್ಯನ ತಪ್ಪಿಗೆ ಪ್ರಾಯಶ್ಚಿತ್ತದ ಸಾಧನವೆಂದು ನೆಚ್ಚಿ ಕುಳಿತರೆ ಅದೂ ಪ್ರಮಾದವೇ. ಆಮ್ಲಜನಕ ಸಾಕಷ್ಟು ತಲಪದ ಕಲ್ಲುಮರಳಿನ ಆಳದಲ್ಲಿ ಅವುಗಳ ಕಾರ್ಯ ಬಹಳ ನಿಧಾನ. ಎರಡು ದಶಕಗಳಾದ ಮೇಲೂ ಕೆಲವು ತೀರಗಳನ್ನು ಅಗೆದಾಗ ಅದೇ ತೈಲ ಕಾಣಿಸಿತು. ಒಡೆದ ಹಡಗಿಗೆ ಇದ್ದುದು ಒಂದೇ ಪದರದ ಒಡಲು. ಹೊಸ ತೈಲವಾಹಕಗಳಿಗೆ ಎರಡು ಪದರದ ಒಡಲಿರಬೇಕೆಂಬ ಕಾನೂನನ್ನು ಅಮೆರಿಕ ಮಾಡಿದ್ದು ಮರುವರ್ಷ, 1990ರಲ್ಲಿ.